ಹೊಸದಾಗಿ ಕಾಲೇಜು ಸೇರಿದವರಿಗೆ ಆಂಕಿ: ಮೊದಲು ದಿನಕ್ಕೆ 20 ಹೊಸ ಕಾರ್ಡಿನ ಮಿತಿಯನ್ನು ಕೆಳಗಿಳಿಸಿ

ಕಾಲೇಜಿನ ಮೊದಲ ವಾರ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವವರು ಬಹಳ ಜನ. ಮೊದಲ ಟೆಸ್ಟ್ ಬರುವಷ್ಟರಲ್ಲಿ ತೆಗೆದುಹಾಕುವವರೂ ಕಡಿಮೆಯಿಲ್ಲ. ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಸಿಗುವುದು ಕಷ್ಟ. ಆದರೆ ಅದು ಬಂದ ಹಾಗೆಯೇ ಬಳಸಿದರೆ ಮೊದಲ ಸೆಮಿಸ್ಟರ್ ದಾಟುವುದಿಲ್ಲ.

ಆಂಕಿ ಎಂದರೆ ಜಪಾನಿ ಭಾಷೆಯಲ್ಲಿ ಬಾಯಿಪಾಠ. ಕಾರ್ಡಿನ ಮುಂಬದಿಯಲ್ಲಿ ಪ್ರಶ್ನೆ ಬರುತ್ತದೆ. ಉತ್ತರ ನೆನಪಿಸಿಕೊಂಡು ಹಿಂಬದಿ ನೋಡಿ ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ನೆನಪಾದ ಕಾರ್ಡು ಮತ್ತೆ ಬರುವುದು ಕೆಲವು ದಿನ ಬಿಟ್ಟು, ಆಮೇಲೆ ವಾರಗಳು, ತಿಂಗಳುಗಳು ಬಿಟ್ಟು. ಓದಿದ್ದು ಶುರುವಿನಲ್ಲಿ ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಆ ಜಾರುವಿಕೆಯ ಅಂಚಿನಲ್ಲಿ ಪ್ರಶ್ನೆ ಕೇಳುವುದಷ್ಟೇ ಈ ಸಾಫ್ಟ್‌ವೇರಿನ ಕೆಲಸ.

ಕಂಪ್ಯೂಟರಿನ ಆವೃತ್ತಿ ಉಚಿತ. ಆಂಡ್ರಾಯ್ಡ್‌ನಲ್ಲಿ ಸ್ವಯಂಸೇವಕರು ನಡೆಸುವ ಆಂಕಿಡ್ರಾಯ್ಡ್ ಕೂಡ ಉಚಿತ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಒಮ್ಮೆ ದುಡ್ಡು ಕೊಡಬೇಕು. ಬೇಡವೆಂದರೆ ಬ್ರೌಸರಿನಲ್ಲಿ ಆಂಕಿವೆಬ್ ತೆರೆದುಕೊಂಡು ಓದಬಹುದು. ಆ್ಯಪ್ ಸ್ಟೋರುಗಳಲ್ಲಿ ಇದೇ ಹೆಸರಿನ ನೆರಳಲ್ಲಿ ಬೇರೆ ಆ್ಯಪ್‌ಗಳೂ ಇವೆ. ಡೌನ್‌ಲೋಡ್ ಮಾಡುವ ಮುನ್ನ ಪೂರ್ತಿ ಹೆಸರು ನೋಡಿಕೊಳ್ಳಿ.

ಈಗ ನಿಜವಾದ ತೊಡಕಿಗೆ ಬರೋಣ. ಡೆಕ್ ಎಂದರೆ ಕಾರ್ಡುಗಳ ಕಟ್ಟು. ಅದರ ಡೆಕ್ ಆಪ್ಷನ್ಸ್ ಪುಟದಲ್ಲಿ ದಿನಕ್ಕೆ 20 ಹೊಸ ಕಾರ್ಡು ಎಂದು ಮೊದಲೇ ಇಟ್ಟಿರುತ್ತಾರೆ. ಕೇಳಲು ಸಣ್ಣದು. ಆದರೆ ಇಂದಿನ 20 ಕಾರ್ಡು ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಮತ್ತೆ ಬರುತ್ತವೆ, ಅಷ್ಟರಲ್ಲಿ ನಾಳೆಯ 20 ಕೂಡ ಸೇರಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ದಿನಕ್ಕೆ ಸುಮಾರು 200 ರಿವ್ಯೂ, ಅಂದರೆ ಹಳೆಯ ಕಾರ್ಡುಗಳ ಮರುಪರೀಕ್ಷೆ. ಒಂದಕ್ಕೆ 10 ಸೆಕೆಂಡ್ ಹಿಡಿದರೂ ಅರ್ಧ ಗಂಟೆ ದಾಟಿತು. ಹೊಸಬರು ಇದರ ಮೇಲೆ ಇನ್ನೊಂದು ಎಡವಟ್ಟು ಮಾಡುತ್ತಾರೆ: ಐದು ವಿಷಯಕ್ಕೆ ಐದು ಬೇರೆ ಬೇರೆ ಡೆಕ್. ಮಿತಿ ಪ್ರತಿ ಡೆಕ್ಕಿಗೂ ಪ್ರತ್ಯೇಕ, ಹಾಗಾಗಿ ದಿನಕ್ಕೆ 100 ಹೊಸ ಕಾರ್ಡು. ಅದನ್ನು ಯಾರೂ ಎಳೆಯಲಾರರು. ಎಲ್ಲವನ್ನೂ ಒಂದೇ ದೊಡ್ಡ ಡೆಕ್ಕಿನ ಒಳಗಿಟ್ಟು ಆ ಮೇಲಿನ ಡೆಕ್ಕನ್ನೇ ತೆರೆದು ಓದಿ, ಅದರ ಮಿತಿ 8 ಅಥವಾ 10 ಇರಲಿ. ಕೆಲಸ ರಾಶಿ ಬಿದ್ದರೆ ಹೊಸ ಕಾರ್ಡನ್ನು 0ಗೆ ಇಳಿಸಿ, ಹಳೆಯದು ತೀರಿದ ಮೇಲೆ ಮತ್ತೆ ಏರಿಸಿ. ಅಳಿಸಿ ಹೊಸದಾಗಿ ಶುರು ಮಾಡಬೇಡಿ.

ಅದೇ ಪುಟದಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಸ್ವಿಚ್ ಇದೆ. 2023ರಲ್ಲಿ ಬಂದ ಈ ಲೆಕ್ಕಾಚಾರ ನಿಮ್ಮ ಮರೆವಿನ ವೇಗ ನೋಡಿಕೊಂಡು ಅಂತರ ನಿಗದಿ ಮಾಡುತ್ತದೆ, ಆನ್ ಮಾಡಿಕೊಳ್ಳಿ. ಡಿಸೈರ್ಡ್ ರಿಟೆನ್ಷನ್, ಅಂದರೆ ಕೇಳಿದಾಗ ಎಷ್ಟು ಪಾಲು ನೆನಪಿರಬೇಕೆಂಬ ಗುರಿ, 90 ಶೇಕಡಾ ಇರುತ್ತದೆ, ಅಲ್ಲೇ ಬಿಡಿ. ಪರೀಕ್ಷೆಯ ಭಯಕ್ಕೆ 97ಕ್ಕೆ ಎತ್ತಿದರೆ ರಿವ್ಯೂಗಳು ಎಷ್ಟೋ ಪಟ್ಟು ಹೆಚ್ಚುತ್ತವೆ. ಇನ್ನೊಂದು: ಉತ್ತರ ಮರೆತಾಗ ಹಾರ್ಡ್ ಒತ್ತುವ ಚಾಳಿ ಬೇಡ. ಹಾರ್ಡ್ ಎಂದರೆ ‘ಕಷ್ಟಪಟ್ಟೆ, ಆದರೂ ನೆನಪಾಯಿತು’ ಎಂದು. ಮರೆತಿದ್ದರೆ ಅಗೇನ್ ಒಂದೇ ದಾರಿ, ಇಲ್ಲದಿದ್ದರೆ ಲೆಕ್ಕಾಚಾರ ನಿಮ್ಮನ್ನು ನಂಬಿ ಮೋಸಹೋಗುತ್ತದೆ.

ಕಾರ್ಡು ಬರೆಯುವುದು ಈ ಆ್ಯಪ್ ಹೇಳಿಕೊಡದ ಕಲೆ. ‘ದ್ಯುತಿಸಂಶ್ಲೇಷಣೆ ಎಂದರೇನು?’ ಎಂದು ಕೇಳಿ ಹಿಂಬದಿಗೆ ಹತ್ತು ಸಾಲು ಅಂಟಿಸಿದರೆ ಅರ್ಧ ನೆನಪಾದಾಗ ಯಾವ ಗುಂಡಿ ಒತ್ತುವುದು? ಒಡೆಯಿರಿ. ‘ಬೆಳಕಿನ ಕ್ರಿಯೆಗಳು ಕ್ಲೋರೋಪ್ಲಾಸ್ಟಿನ ಯಾವ ಭಾಗದಲ್ಲಿ?’ ಥೈಲಕಾಯ್ಡ್ ಪೊರೆಯಲ್ಲಿ. ‘ಕ್ಯಾಲ್ವಿನ್ ಚಕ್ರ?’ ಸ್ಟ್ರೋಮಾದಲ್ಲಿ. ‘ಹೊರಬೀಳುವ ಆಮ್ಲಜನಕ ಎಲ್ಲಿಂದ?’ ನೀರಿನಿಂದ, ಇಂಗಾಲದ ಡೈಆಕ್ಸೈಡಿನಿಂದಲ್ಲ. ಈ ಮೂರನೆಯದೇ ನಿಜವಾದ ಕಾರ್ಡು, ಎಡವುವ ಜಾಗಕ್ಕೇ ಕೈಯಿಡುತ್ತದೆ. ಚಿತ್ರಗಳಿರುವ ವಿಷಯಕ್ಕೆ, ಚಿತ್ರದ ಭಾಗವನ್ನು ಮುಚ್ಚಿ ಕೇಳುವ ಇಮೇಜ್ ಆಕ್ಲೂಷನ್ ಈಗ ಆಂಕಿಯ ಒಳಗೇ ಇದೆ. ಹೆಸರುಗಳ ಮೇಲೆ ಚೌಕ ಎಳೆದರೆ ಸಾಕು. ಎಂಟು ಸಲ ಮರೆತ ಕಾರ್ಡನ್ನು ಆಂಕಿ ಲೀಚ್, ಅಂದರೆ ಜಿಗಣೆ, ಎಂದು ಗುರುತು ಹಾಕುತ್ತದೆ. ಹೆಸರು ಚೆನ್ನಾಗಿದೆ. ಬಹುತೇಕ ಅಂಥ ಕಾರ್ಡಿನ ಪ್ರಶ್ನೆಯೇ ಕೆಟ್ಟದಾಗಿರುತ್ತದೆ, ತಿರುಗಿ ಬರೆಯಿರಿ.

ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳ ಡೆಕ್ ಇಳಿಸಿಕೊಳ್ಳುವ ಆಸೆ ಬರುತ್ತದೆ. ಭಾಷೆ ಕಲಿಯುವವರಿಗೆ ಸರಿ. ಉಳಿದ ವಿಷಯಗಳಲ್ಲಿ ನಿಮ್ಮ ಮೇಷ್ಟ್ರು ಒತ್ತಿ ಹೇಳಿದ್ದು ಅದರಲ್ಲಿ ಇರುವುದಿಲ್ಲ, ಅರ್ಥವಾಗದ್ದನ್ನು ಉರು ಹೊಡೆಯುವ ಗೋಳು ಬೇರೆ. ಲೆಕ್ಕ ಬಿಡಿಸುವುದಕ್ಕೆ, ಪ್ರಬಂಧ ಬರೆಯುವುದಕ್ಕೆ ಆಂಕಿ ಉಪಯೋಗವಿಲ್ಲ. ಕ್ಯಾಲ್ಕುಲಸ್ ಪಾಠಕ್ಕೆ ಸೂತ್ರ, ಅದರ ಷರತ್ತು ಇಷ್ಟನ್ನು ಕಾರ್ಡಿಗೆ ಹಾಕಿ, ಉಳಿದ ಸಮಯ ಪೆನ್ನು ಹಿಡಿಯಿರಿ.

ಸಿಂಕ್, ಅಂದರೆ ಫೋನು ಮತ್ತು ಕಂಪ್ಯೂಟರಿನ ಕಾರ್ಡುಗಳನ್ನು ಒಂದೇ ಸಮ ಮಾಡುವುದರ ಬಗ್ಗೆ ಒಂದು ಎಚ್ಚರಿಕೆ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಸಿಂಕ್ ಮಾಡದೆ ಕಾರ್ಡಿನ ವಿನ್ಯಾಸ ಬದಲಿಸಿದ್ದರೆ ಅಪ್‌ಲೋಡೋ ಡೌನ್‌ಲೋಡೋ ಎಂದು ಆಂಕಿ ಕೇಳುತ್ತದೆ. ಆರಿಸಿದ ಪ್ರತಿ ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ಗುಂಡಿ ಒತ್ತುವ ಮೊದಲು ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಎತ್ತಿಟ್ಟುಕೊಳ್ಳಿ.