ಪೇಪರ್, ಟ್ರೇ, ಎರೆ ಮಣ್ಣು: ಮೆಣಸಿನ ಬೀಜ ಎಲ್ಲಿ ನಿಂತಿತು?

ರಂಜಕದ ಚಟ್ನಿಗೆ ತಂದ ಕೆಂಪು ಹಣ್ಣುಮೆಣಸಿನಕಾಯಿಯಲ್ಲಿ ಐದಾರು ಮಿಕ್ಕಿದ್ದವು. ಸೀಳಿ ಬೀಜ ತೆಗೆದು, ಒಂದು ವಾರ ನೆರಳಲ್ಲಿ ಒಣಗಿಸಿದೆ. ಬರಿಗೈಯಲ್ಲೇ ತೆಗೆದು, ಮರೆತು ಕಣ್ಣು ಉಜ್ಜಿಕೊಂಡೆ. ಆ ಕಥೆ ಬೇಡ ಬಿಡಿ. ಆದರೆ ಈ ಖಾರ ಬರೀ ನೀರಿಗೆ ಹೋಗಲ್ಲ, ಮೊದಲು ಕೈಗೆ ಎಣ್ಣೆ ಹಚ್ಚಿ ಆಮೇಲೆ ಸೋಪು ಹಾಕಬೇಕು.

60 ಬೀಜ ಎಣಿಸಿ, ರಾತ್ರಿ ನೀರಲ್ಲಿ ನೆನೆಸಿ, ಮೂರು ಕಡೆ 20ರಂತೆ ಹಾಕಿದೆ: ಒದ್ದೆ ಟಿಶ್ಯೂ ಪೇಪರ್ ಹಾಸಿದ ಡಬ್ಬಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇ, ಮಾಳಿಗೆ ಮೇಲಿನ ಎರೆ (ಕಪ್ಪು) ಮಣ್ಣಿನ ಕುಂಡ. ತೇಲಿದ ಬೀಜ ಜೊಳ್ಳು ಅಂತಾರಲ್ಲ, ಅವನ್ನೂ ಬಿಸಾಡಲಿಲ್ಲ. ಅವುಗಳಲ್ಲೂ ಸುಮಾರು ಮೊಳೆತವು.

ಆಗ ಡಿಸೆಂಬರ್. ವಿಜಯಪುರದಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ಚಳಿ. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿರಬೇಕು, ಇಲ್ಲದಿದ್ದರೆ ಸುಮ್ನೆ ಮಲಗಿಬಿಡುತ್ತದೆ. ಡಬ್ಬಿಯನ್ನು ಟಿವಿಯ ಸೆಟ್‌ಟಾಪ್ ಬಾಕ್ಸ್ ಮೇಲೆ ಬಟ್ಟೆ ಮಡಚಿಟ್ಟು ಕೂರಿಸಿದೆ. ಮನೆಯವರು ನಕ್ಕರು. ಆರನೇ ದಿನಕ್ಕೆ ಬಿಳಿ ಬಾಲ ಹೊರಬಂತು, ಹತ್ತನೇ ದಿನಕ್ಕೆ 17 ಮೊಳಕೆ. ಈಗ ನಗುವ ಸರದಿ ನನ್ನದು!

ಆ ನಗು ಜಾಸ್ತಿ ದಿನ ಉಳಿಯಲಿಲ್ಲ. ಜಮಖಂಡಿಯಲ್ಲಿ ಒಂದು ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದೆ. ಅಷ್ಟರಲ್ಲಿ ಬೇರು ಪೇಪರಿನ ನಾರಿನೊಳಗೆ ಹೊಕ್ಕಿತ್ತು. ಎಳೆದರೆ ತುದಿ ಪಟ್ಟನೆ ಮುರಿಯುತ್ತದೆ. ಮೂರ್ನಾಲ್ಕು ಹಾಳಾದ ಮೇಲೆ ಬುದ್ಧಿ ಬಂತು, ಪೇಪರನ್ನು ಸುತ್ತ ಕತ್ತರಿಸಿ ಬೇರಿನ ಜೊತೆಗೇ ನೆಟ್ಟೆ. ಕೊನೆಗೆ ನಿಂತದ್ದು 9.

ಟ್ರೇಯಲ್ಲಿ ಎಲ್ಲ ನಿಧಾನ. ಕೊಕೊಪೀಟ್‌ನಲ್ಲಿ ಉಪ್ಪಿರಬಹುದು ಅಂತ ಎರಡು ಸಲ ತೊಳೆದೆ, ಚಹಾದಂಥ ನೀರು ಬಂತು. ಅದರಲ್ಲಿ ಗಿಡಕ್ಕೆ ಆಹಾರ ಇರುವುದಿಲ್ಲ, ಹಾಗಾಗಿ ಸ್ವಲ್ಪ ಎರೆಹುಳು ಗೊಬ್ಬರ ಕಲೆಸಿದೆ. ಅರ್ಧ ಸೆಂಟಿಮೀಟರ್ ಆಳ ಸಾಕು. ಹನ್ನೆರಡನೇ ದಿನದ ಹೊತ್ತಿಗೆ 15 ಎದ್ದವು. ಕೆಲವಕ್ಕೆ ಬೀಜದ ಸಿಪ್ಪೆ ಟೋಪಿಯಂತೆ ತಲೆ ಮೇಲೆಯೇ ಅಂಟಿತ್ತು. ಎಳೆಯಬೇಡಿ, ನೀರು ಚಿಮುಕಿಸಿ ನೆನೆಯಲು ಬಿಡಿ, ತಾನೇ ಬೀಳುತ್ತದೆ. ನಾನು ದಿನಾ ಸಂಜೆ ಮೇಲಿಂದ ನೀರು ಹಾಕುತ್ತಿದ್ದೆ. ಎರಡು ಅಗಿ (ಸಸಿ) ಬುಡ ಕೊಳೆತು ಅಡ್ಡಬಿದ್ದವು. ಆಮೇಲೆ ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹದಿನೈದು ನಿಮಿಷ ಇಟ್ಟು ತೆಗೆಯತೊಡಗಿದೆ. ಉಳಿದ 13 ಒಂದೂ ಸಾಯಲಿಲ್ಲ. ಮೊಳೆತ ದಿನವೇ ಬಿಸಿಲಿಗೆ ತನ್ನಿ. ಕಿಟಕಿ ಹತ್ತಿರ ಬಿಟ್ಟ ನಾಲ್ಕು ಶ್ಯಾವಿಗೆಯಂತೆ ಉದ್ದಕ್ಕೆ ಸೊರಗಿದವು.

ಕುಂಡದ ಕಥೆ ಚಿಕ್ಕದು. ಎರೆ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಮೇಲೆ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ. ಮರಳು, ಗೊಬ್ಬರ ಬೆರೆಸದೆ ಬಿತ್ತಿದ್ದು ನನ್ನದೇ ತಪ್ಪು. ಮೂರು ವಾರಕ್ಕೆ ಐದು ಎದ್ದವು, ಒಂದನ್ನು ಗುಬ್ಬಿ ಕಿತ್ತಿತು.

ಬೀಜ ಹತ್ತೇ ಇದ್ದು ದುಬಾರಿಯಾಗಿದ್ದರೆ ನಾನು ಪೇಪರನ್ನೇ ಆರಿಸುತ್ತೇನೆ, ಆದರೆ ಬಾಲ ಕಂಡ ದಿನವೇ ಮಣ್ಣಿಗೆ. ಉಳಿದದ್ದಕ್ಕೆಲ್ಲ ಟ್ರೇ. ಹೀಗೆ ಬರೆಯುವಾಗ ಒಂದು ವಿಷಯ ಮಾತ್ರ ಚುಚ್ಚುತ್ತದೆ. ಟ್ರೇ ಅಗಿ ನಾಟಿ ಮಾಡಿದ ಮೇಲೆ ನಾಲ್ಕು ದಿನ ಬಾಡಿ ಕೂತವು. ಕುಂಡದ ಆ ನಾಲ್ಕನ್ನು ಯಾರೂ ಕಿತ್ತಿರಲಿಲ್ಲ, ಅವುಗಳ ಕಾಂಡವೇ ಎಲ್ಲಕ್ಕಿಂತ ದಪ್ಪ.

ಪಕ್ಕದ ಮನೆ ಕಾಕು ಅಗಿ ಕೇಳಲು ಬಂದವರು ಟ್ರೇ ಕಡೆ ನೋಡಲೂ ಇಲ್ಲ. ನೇರ ಕುಂಡಕ್ಕೆ ಬೆರಳು ತೋರಿಸಿದರು. ಕಿತ್ತರೆ ಬಾಡುತ್ತೆ ಕಾಕು, ಅಂದೆ.

"ಹಂಗಾದ್ರ ಕುಂಡನೂ ಕೊಡು" ಅಂದರು.