ನೀರು ಬಂತಂತ ಹಳೇ ನೀರು ಚೆಲ್ಲಬ್ಯಾಡ್ರಿ, ನಳಕ್ಕ ಮೋಟರ್ ಹಚ್ಚಬ್ಯಾಡ್ರಿ

"ನೀರು ಬಿಟ್ಟಾರ!" ಅನ್ನೋ ಕೂಗು ಓಣಿಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಬ್ಬರು ಬ್ಯಾರಲ್ ವಾಲಿಸಿ, ಅದರಲ್ಲಿ ಉಳಿದ ನೀರನ್ನು ಗಟಾರಕ್ಕೆ ಚೆಲ್ಲುತ್ತಾರೆ. ಇನ್ನೊಬ್ಬರು ನಳದ ಬಾಯಿಗೆ ಪೈಪ್ ಸಿಕ್ಕಿಸಿ ಅರ್ಧ ಎಚ್‌ಪಿ ಮೋಟರಿನ ಬಟನ್ ಒತ್ತುತ್ತಾರೆ. ವಾರವಿಡೀ ತಂಬಿಗೆ ಎಣಿಸಿ ಸ್ನಾನ ಮಾಡಿದ ಮನೆಯೇ ನೀರು ಬಂದ ಹತ್ತು ನಿಮಿಷದಲ್ಲಿ ನೂರು ಲೀಟರ್ ಗಟಾರಕ್ಕೆ ಬಿಟ್ಟಿರುತ್ತದೆ. ನೀರಿಲ್ಲ ಎಂದು ಗೋಳಾಡುವ ಓಣಿಯಲ್ಲಿ ಗಟಾರ ತುಂಬಿ ಹರಿಯುವುದು ನೀರು ಬಂದ ದಿನವೇ.

ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಹಾವೇರಿ, ಎಲ್ಲಿ ನಳದ ನೀರು ದಿನಗಟ್ಟಲೆ ಕಾಯಿಸಿ ಬರುತ್ತದೋ ಅಲ್ಲೆಲ್ಲ ಈ ಎರಡು ರೂಢಿ ಇವೆ. ಎರಡೂ ಸೇರಿದರೆ ಓಣಿಗೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಹಳೇ ಭಾಗದ ಒಂದು ಓಣಿಯ ಕಥೆ ಸಾಕು.

ಅಲ್ಲಿ ಮೊದಲು ಮೋಟರ್ ಹಚ್ಚಿದ್ದು ಒಂದೇ ಮನೆ. ಅವರ ಟಾಕಿ ಬೇಗ ತುಂಬಿತು, ಪಕ್ಕದ ಮನೆಯ ನಳ ಸಣ್ಣಗಾಯಿತು. ಪಕ್ಕದವರೂ ಮೋಟರ್ ತಂದರು, ಅವರನ್ನು ನೋಡಿ ಎದುರಿನವರು ತಂದರು. ಹೆಚ್ಚಿನವರ ಮನೆಗೆ ಮೋಟರ್ ಬಂದ ಮೇಲೆ ಆ ಮನೆಗಳಿಗೆ ಸಿಕ್ಕಿದ್ದು ಮೊದಲಿನಷ್ಟೇ ನೀರು, ಜೊತೆಗೆ ಕರೆಂಟ್ ಬಿಲ್ಲು. ಓಣಿಯ ಕೊನೆಯ ನಾಲ್ಕೈದು ಮನೆಗಳ ನಳದಲ್ಲಿ ಗಾಳಿ ಮಾತ್ರ ಬರತೊಡಗಿತು. ಮಳೆಗಾಲದಲ್ಲಿ ನೀರು ಕೆಂಪಾಗಿ ಬಂದು ವಾಸನೆ ಹೊಡೆಯಿತು. "ಡ್ಯಾಮಿಗೆ ಹೊಸ ನೀರು ಬಂದೈತಿ, ಅದಕ್ಕ ಹಿಂಗ" ಎಂದುಕೊಂಡು ಬಟ್ಟೆಯಲ್ಲಿ ಸೋಸಿ ಕುಡಿದರು. ಒಂದೇ ವಾರದಲ್ಲಿ ಮನೆಮನೆಯ ಮಕ್ಕಳಿಗೆ ವಾಂತಿ-ಭೇದಿ. ಆಮೇಲೆ ಅಗೆಸಿ ನೋಡಿದರೆ, ಒಂದು ಮನೆಗೆ ಹೋದ ಹಳೇ ಕಬ್ಬಿಣದ ಪೈಪು ಗಟಾರದೊಳಗೇ ಹಾದುಹೋಗಿತ್ತು. ಜೋಡಣೆಯ ಹತ್ತಿರ ತುಕ್ಕು ತಿಂದು ಸಣ್ಣ ತೂತು ಬಿದ್ದಿತ್ತು.

ಇಷ್ಟು ಸಣ್ಣ ತೂತಿನಿಂದ ಇಡೀ ಓಣಿ ಹಾಸಿಗೆ ಹಿಡಿದದ್ದು ಹೇಗೆ ಎಂಬುದನ್ನು ಮೋಟರ್ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕು. ಪೈಪಿನಲ್ಲಿ ನೀರು ಒತ್ತಡದಿಂದ ಬರುವಾಗ ತೂತಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನ ಹೊಲಸು ಒಳಗೆ ಬರಲಾರದು. ಅರ್ಧ ಎಚ್‌ಪಿ ಮೊನೊಬ್ಲಾಕ್ ಮೋಟರು ಗಂಟೆಗೆ ಸಾವಿರ ಲೀಟರಿಗೂ ಮೀರಿ ಎಳೆಯಬಲ್ಲದು. ಒತ್ತಡ ಕಡಿಮೆ ಇರುವ ಅರ್ಧ ಇಂಚಿನ ಪೈಪಿನಲ್ಲಿ ಅಷ್ಟು ನೀರು ಬರುವುದೇ ಇಲ್ಲ. ಕೊರತೆ ಬಿದ್ದಷ್ಟನ್ನು ಮೋಟರು ಎಲ್ಲಿಂದ ಸಿಕ್ಕರೆ ಅಲ್ಲಿಂದ ಎಳೆದುಕೊಳ್ಳುತ್ತದೆ. ಆಗ ಅದೇ ತೂತು ಗಟಾರಕ್ಕೆ ಹಾಕಿದ ಸ್ಟ್ರಾ ಆಗುತ್ತದೆ. ಒಳಗೆ ಬಂದ ಹೊಲಸು ಮೋಟರ್ ಹಚ್ಚಿದ ಮನೆಗೆ ಮಾತ್ರ ಹೋಗುವುದಿಲ್ಲ, ಮೋಟರ್ ಇಲ್ಲದ ಬಡವರ ನಳಕ್ಕೂ ಹೋಗುತ್ತದೆ. ಇದಕ್ಕೇ ಈ ವಿಷಯದಲ್ಲಿ ಇಷ್ಟು ಖಾರವಾಗಿ ಬರೆಯಬೇಕಾಗಿದೆ.

ನೀರು ನಿಂತ ಮೇಲೆ ಪೈಪು ದಿನಗಟ್ಟಲೆ ಖಾಲಿ ಬಿದ್ದಿರುತ್ತದಲ್ಲ, ಆಗಲೂ ಸುತ್ತಲಿನ ಹೊಲಸು ನಿಧಾನಕ್ಕೆ ಒಳಗೆ ಇಳಿಯುತ್ತದೆ. ಮೋಟರ್ ಇಲ್ಲದ ಓಣಿಯಲ್ಲೂ ಮೊದಲ ನೀರು ನಂಬಿಕೆಗೆ ತಕ್ಕದ್ದಲ್ಲ ಎನ್ನುವುದು ಈ ಕಾರಣಕ್ಕೆ. 2008ರಿಂದ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 24 ತಾಸು ನೀರು ಬರತೊಡಗಿತು. ಅಲ್ಲಿ ಹೊಸ ಪೈಪು ಹಾಕಿದ್ದಷ್ಟೇ ಲಾಭವಲ್ಲ. ಪೈಪಿನಲ್ಲಿ ಸದಾ ಒತ್ತಡ ಇರುವುದರಿಂದ ಹೊರಗಿನದು ಒಳಗೆ ನುಗ್ಗುವ ಸಂದರ್ಭವೇ ಕಡಿಮೆ.

ಹೊಲಸು ಲೈನಿಗೆ ಸೇರಲು ಇನ್ನೊಂದು ದಾರಿ ಇದೆ, ಅದು ಬಹಳ ಜನರ ಲಕ್ಷ್ಯಕ್ಕೆ ಬರುವುದಿಲ್ಲ. ನಳಕ್ಕೆ ಪೈಪ್ ಹಾಕಿ ಅದರ ಇನ್ನೊಂದು ತುದಿಯನ್ನು ಬ್ಯಾರಲಿನ ನೀರಿನೊಳಗೆ ಮುಳುಗಿಸಿ ಬಿಡುತ್ತೀರಿ. ಪಕ್ಕದ ಮನೆಯ ಮೋಟರ್ ಚಾಲೂ ಆದ ಕೂಡಲೇ ನಿಮ್ಮ ಬ್ಯಾರಲಿನ ನೀರೇ ಹಿಮ್ಮುಖವಾಗಿ ಲೈನಿಗೆ ಹೋಗುತ್ತದೆ. ಆ ಬ್ಯಾರಲಿನಲ್ಲಿ ಸಾಬೂನಿನ ಕೈ ಅದ್ದಿರಬಹುದು, ಹುಳ ಇರಬಹುದು, ಅದೆಲ್ಲ ಓಣಿಗೆ ಹಂಚಿಕೆಯಾಗುತ್ತದೆ. ಪೈಪಿನ ತುದಿ ನೀರಿಗಿಂತ ಒಂದು ಗೇಣು ಮೇಲೆಯೇ ಇರಲಿ. ಹೌದಿಗೆ (ನೆಲದೊಳಗಿನ ನೀರಿನ ತೊಟ್ಟಿಗೆ) ಬರುವ ಪೈಪೂ ಹಾಗೆಯೇ, ಹೌದು ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಬೇಕು.

"ಮೋಟರ್ ಇಲ್ಲದಿದ್ರ ನಮ್ಮ ಮನಿಗೆ ನೀರು ಏರೂದಿಲ್ರಿ" ಎನ್ನುವವರಿಗೆ ಉಪಾಯ ಇದೆ. ನೀರನ್ನು ಏರಿಸಲು ಹೋಗಬೇಡಿ, ಇಳಿಯಲು ಜಾಗ ಮಾಡಿಕೊಡಿ. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ನಳ ಒಂದು ಮೀಟರ್ ತಗ್ಗಿದರೆ ಆ ಲೆಕ್ಕದ ಹತ್ತನೇ ಒಂದು ಪಾಲು ಒತ್ತಡ ಪುಕ್ಕಟೆ ಸಿಗುತ್ತದೆ. ಕೇಳಲು ಸಣ್ಣದು, ಆದರೆ ಸೊಂಟದೆತ್ತರದ ನಳದಲ್ಲಿ ಹನಿಹನಿ ಬೀಳುವ ಓಣಿಯಲ್ಲಿ ನೆಲಮಟ್ಟದ ನಳದಿಂದ ಕೊಡ ತುಂಬುವುದು ಇದರಿಂದಲೇ. ಜಾಗವಿದ್ದರೆ ಅಂಗಳದಲ್ಲಿ ತಗ್ಗು ತೆಗೆದು 500 ಲೀಟರಿನ ಟಾಕಿ ಕೂಡಿಸಿ, ಇಲ್ಲವೇ ಸಣ್ಣ ಹೌದು ಕಟ್ಟಿಸಿ. ಅದರ ಬಾಯಿ ನೆಲಕ್ಕಿಂತ ಒಂದು ಗೇಣು ಎತ್ತರವಿರಲಿ, ಇಲ್ಲದಿದ್ದರೆ ಮಳೆಯಲ್ಲಿ ರಸ್ತೆಯ ನೀರು ಒಳಗೆ ಬರುತ್ತದೆ. ಒಳಬರುವ ಪೈಪಿಗೆ ತೇಲುಗುಂಡಿನ ವಾಲ್ವ್ ಹಾಕಿಸಿ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಮೋಟರನ್ನು ಹೌದಿನಿಂದ ಮೇಲಿನ ಟಾಕಿಗೆ ಏರಿಸಲು ಬಳಸಿದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ನಳಕ್ಕೇ ನೇರ ಹಚ್ಚುವುದರಲ್ಲಿ.

ಕರೆಂಟಿನ ಮಾತೂ ಇಲ್ಲೇ. ಬಚ್ಚಲಲ್ಲೋ ಬಾಗಿಲ ಮುಂದೋ ಹಸಿ ನೆಲದ ಮೇಲೆ ಮೋಟರ್ ಇಟ್ಟು, ಎರಡು ಪಿನ್ನಿನ ವೈರ್ ಜೋಡಿಸಿ, ಬರಿಗಾಲಲ್ಲಿ ನಿಂತು ಬಟನ್ ಒತ್ತುವುದು ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಇಎಲ್‌ಸಿಬಿ ಸ್ವಿಚ್, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮೋಟರ್ ಮುಟ್ಟಲೇಬೇಡಿ.

ಈಗ ಚೆಲ್ಲುವ ನೀರಿಗೆ ಬರೋಣ.

ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮಲಪ್ರಭೆಯ ನೀರು ಸವದತ್ತಿ ಹತ್ತಿರದ ನವಿಲುತೀರ್ಥದ ರೇಣುಕಾಸಾಗರದ್ದು. ಧಾರವಾಡ ಆ ಜಲಾಶಯಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ನೀರನ್ನು ಪಂಪಿನಿಂದ ಏರಿಸಿ, ಅಮ್ಮಿನಭಾವಿಯಲ್ಲಿ ಶುದ್ಧಮಾಡಿ, ಕ್ಲೋರಿನ್ ಹಾಕಿ ನಮ್ಮ ನಳಕ್ಕೆ ಬಿಡುತ್ತಾರೆ. ಅಷ್ಟು ದೂರದಿಂದ ಅಷ್ಟು ಎತ್ತರ ಹತ್ತಿಸಿ ತಂದ ನೀರನ್ನು "ಹಳೇದಾತು" ಎಂದು ಚೆಲ್ಲುತ್ತೇವೆ. ಮನೆಗೆ ನೂರು ಲೀಟರ್ ಎಂದರೂ ಐವತ್ತು ಮನೆಯ ಓಣಿಯಲ್ಲಿ ಐದು ಸಾವಿರ ಲೀಟರ್, ಒಂದು ಟ್ಯಾಂಕರ್ ನೀರು. ಮೂರು ದಿನ ಬಿಟ್ಟು ಅದೇ ಓಣಿಯವರು ದುಡ್ಡು ಕೂಡಿಸಿ ಟ್ಯಾಂಕರ್ ತರಿಸುತ್ತಾರೆ.

ಮುಚ್ಚಿಟ್ಟ ನೀರು ಎಂಟು ದಿನಕ್ಕೆ ಕೆಡುವುದಿಲ್ಲ. ಕೆಡಿಸುವುದು ಪಾತ್ರೆ, ಕೈ ಮತ್ತು ಸೊಳ್ಳೆ. ತೆರೆದಿಟ್ಟರೆ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಆಮೇಲೆ ಅದ್ದಿದ ಪ್ರತಿ ಕೈಯಿಂದ ರೋಗಾಣು ಸೇರಿ ಬೆಳೆಯುತ್ತದೆ. ಬ್ಯಾರಲಿನ ಒಳಗೋಡೆ ಲೋಳೆ ಲೋಳೆ ಆಗುವುದು, ವಾಸನೆ ಬರುವುದು ಇದರಿಂದ. ಹಳೇ ನೀರು ಚೆಲ್ಲಿ ಅದೇ ಲೋಳೆಯ ಮೇಲೆ ಹೊಸ ನೀರು ತುಂಬಿದರೆ ಎರಡು ದಿನದಲ್ಲಿ ಅದೂ ಹಳೇ ನೀರೇ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ಸ್ವಚ್ಛ ನೀರಲ್ಲೇ ಹುಟ್ಟುತ್ತದೆ, ಕಚ್ಚುವುದು ಹಗಲಿನಲ್ಲಿ. ತತ್ತಿಯಿಂದ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ನಮ್ಮ ನೀರು ಬಿಡುವ ದಿನಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿ. ತತ್ತಿ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ ಸ್ವಲ್ಪ ಮೇಲೆ ಬ್ಯಾರಲಿನ ಗೋಡೆಗೆ. ಆ ತತ್ತಿ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿ ಮಗುಚಿಟ್ಟ ಮಾತ್ರಕ್ಕೆ ಸೊಳ್ಳೆ ಹೋಗುವುದಿಲ್ಲ. ಗೋಡೆ ಉಜ್ಜಬೇಕು, ಬಾಯಿಯಿಂದ ತಳದವರೆಗೆ ಗಡುಸು ಬ್ರಷ್‌ನಿಂದ ಗಟ್ಟಿಯಾಗಿ. ಆಮೇಲೆ ಬಾಯಿಗೆ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ದಾರದಿಂದ ಬಿಗಿಯಾಗಿ ಕಟ್ಟಿ. ಮೇಲೆ ತಟ್ಟೆ ಮುಚ್ಚಿದರೆ ಸಾಲದು, ಸಂದಿಯಲ್ಲಿ ಸೊಳ್ಳೆ ನುಸುಳುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ಸೊಳ್ಳೆ ಸಾಕುವ ಮನೆಗೆ ದಂಡ ಹಾಕುವ ಅಧಿಕಾರವೂ ಬಂದಿದೆ.

ಉಳಿದ ನೀರಿಗೆ ದಾರಿ ಬಹಳ. ನೀರು ಬರುವ ಹಿಂದಿನ ದಿನ ಚಾದರ, ಕೌದಿ ತೊಳೆಯಿರಿ, ಬಚ್ಚಲು ಉಜ್ಜಿರಿ, ಬ್ಯಾರಲನ್ನು ಅದೇ ನೀರಿನಿಂದ ತಿಕ್ಕಿ ತೊಳೆಯಿರಿ, ತೊಳೆದ ನೀರನ್ನು ಗಿಡಕ್ಕೆ ಹಾಕಿ. ಬರುವ ದಿನ ಗೊತ್ತಾಗದಿದ್ದರೆ ಎರಡು ಬ್ಯಾರಲ್ ಇದ್ದವರು ಒಂದನ್ನು ಪೂರ್ತಿ ಖಾಲಿ ಮಾಡಿದ ಮೇಲಷ್ಟೇ ಎರಡನೆಯದಕ್ಕೆ ಕೈ ಹಾಕಿ. ಆಗ ಒಂದು ಯಾವಾಗಲೂ ತೊಳೆಯಲು ಸಿಗುತ್ತದೆ. ತುಂಬಿದ ತಾರೀಖನ್ನು ಸೀಮೆಸುಣ್ಣದಿಂದ ಬ್ಯಾರಲಿನ ಮೇಲೆ ಬರೆದಿಟ್ಟರೆ ಮನೆಮಂದಿಯಲ್ಲಿ ಜಗಳವಿಲ್ಲ.

ತುಂಬುವುದಕ್ಕೂ ಒಂದು ಕ್ರಮ ಬೇಕು. ನಳ ಬಿಟ್ಟ ಮೊದಲ ಹತ್ತು ನಿಮಿಷದ ನೀರು ಪಾಯಖಾನೆಯ ಬ್ಯಾರಲಿಗೆ ಹೋಗಲಿ. ಗಾಜಿನ ಲೋಟದಲ್ಲಿ ಹಿಡಿದು ನೋಡಿ, ನೀರು ತಿಳಿಯಾಗಿ ಕ್ಲೋರಿನ್ ಘಾಟು ಸಣ್ಣಗೆ ಬಂದರೆ ಆಗ ಕುಡಿಯುವ ಕೊಡ ಹಿಡಿಯಿರಿ. ಭಾರತೀಯ ಮಾನಕದ ಪ್ರಕಾರ ನಳದ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಘಾಟು ಬಂತೆಂದು ಮೂಗು ಮುರಿಯಬೇಡಿ, ಅದು ಕಾವಲಿಗಿದೆ. ಮೇಲಿನ ಟಾಕಿ ಎಲ್ಲಕ್ಕಿಂತ ಕೊನೆಗೆ.

ಟಾಕಿಯ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಕಣ್ಣಳತೆಯಲ್ಲಿ ಮುಷ್ಟಿಗಟ್ಟಲೆ ಸುರಿಯುತ್ತಾರೆ, ಅದು ತಪ್ಪು. ತಿಳಿ ನೀರಾದರೆ ಸಾವಿರ ಲೀಟರಿಗೆ ಎರಡೂವರೆಯಿಂದ ಐದು ಗ್ರಾಂ ಸಾಕು, ಐದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಚಹಾ ಚಮಚ. ಪುಡಿಯನ್ನು ನೇರ ಟಾಕಿಗೆ ಹಾಕದೆ ಒಂದು ಮಗ್ಗಿನಲ್ಲಿ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಸುಣ್ಣ ಕೂರುತ್ತದೆ, ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹೊಯ್ದು ಕಲಕಿ, ಒಂದು ತಾಸು ಮುಟ್ಟಬೇಡಿ. ಬಾಯಿ ತೆರೆದಿಟ್ಟ ಹಳೇ ಪ್ಯಾಕೆಟ್ಟಿನ ಪುಡಿಗೆ ಶಕ್ತಿ ಇರುವುದಿಲ್ಲ. ಕೆಂಪು ನೀರಿಗೆ ಇದು ಕೆಲಸ ಮಾಡುವುದಿಲ್ಲ, ಮೊದಲು ಸ್ಫಟಿಕ (ಆಲಂ) ಆಡಿಸಿ ಕೆಸರು ಕೂರಿಸಿ. ಕುಡಿಯುವ ನೀರನ್ನು ಮಳೆಗಾಲದಲ್ಲಿ ಕುದಿಸುವುದೇ ಲೇಸು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ.

ಟಾಕಿ ತೊಳೆಯುವಾಗ ಬ್ಲೀಚಿಂಗ್ ಪೌಡರನ್ನೂ ಬಚ್ಚಲಿನ ಆ್ಯಸಿಡ್ಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಮುಚ್ಚಿದ ಹೌದಿಗೆ ಒಬ್ಬರೇ ಇಳಿಯುವುದು ಇನ್ನೂ ಕೆಟ್ಟದ್ದು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮೋಟರಿನ ಪ್ಲಗ್ ಕಿತ್ತು, ಮೇಲೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.

ಕ್ಯಾನ್ ನೀರನ್ನು ನಂಬಿ ಕೂತವರಿಗೂ ಒಂದು ಮಾತು. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ ಇಪ್ಪತ್ತು ಲೀಟರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಕ್ಯಾನಿನೊಳಗೆ ಹಸಿರು ಪಾಚಿ ಇದ್ದರೆ ಘಟಕದ ಫಿಲ್ಟರ್ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ. ಕ್ಲೋರಿನ್ ಹಾಕಿದ ನದಿಯ ನೀರಿನಿಂದ ಗಾಡಿ ತೊಳೆದು, ಪಾಚಿ ಕಟ್ಟಿದ ಕ್ಯಾನಿನ ನೀರನ್ನು ಮಕ್ಕಳಿಗೆ ಕುಡಿಸುವುದು ನಮ್ಮ ಊರುಗಳಲ್ಲಿ ದಿನನಿತ್ಯ ನಡೆದಿದೆ. ಕೈ ಹೋಗುವಷ್ಟು ಬಾಯಿ ಇರುವ ಕ್ಯಾನನ್ನೇ ಕೊಳ್ಳಿ, ಪ್ರತಿ ಸಲ ಬ್ರಷ್ ಆಡಿಸಿ ತೊಳೆದು ತುಂಬಿ.

ನೀರಿನ ಮೇಲೆ ಸಂಶಯ ಬಂದರೆ ಎಚ್‌2ಎಸ್ ಬಾಟಲಿ ಎಂಬ ಸಣ್ಣ ಪರೀಕ್ಷೆ ಇದೆ. ನಳದ ಬಾಯಿ ಒರೆಸಿ, ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ತಾಸು ಇಡಿ. ನೀರು ಕಪ್ಪಾದರೆ ಅದರಲ್ಲಿ ಮಲದ ರೋಗಾಣು ಸೇರಿದೆ ಎಂದೇ ತಿಳಿಯಿರಿ. ಓಣಿಯ ಮೊದಲು, ನಡುವೆ, ಕೊನೆಗೆ ಒಂದೊಂದು ಬಾಟಲಿ ಇಟ್ಟು ನೋಡಿ. ಎಲ್ಲಿಂದ ಕಪ್ಪು ಶುರುವಾಯಿತೋ ಅದರ ಆಸುಪಾಸಿನಲ್ಲೇ ಪೈಪ್ ಒಡೆದಿರುವ ಸಾಧ್ಯತೆ ಹೆಚ್ಚು. ನೀರು ಬಿಡುವ ಹೊತ್ತಿಗೆ ಆ ಜಾಗದಲ್ಲಿ ಗಟಾರದೊಳಗೆ ಗುಳ್ಳೆ ಏಳುತ್ತದೆಯೇ, ಒಣ ನೆಲ ಹಸಿಯಾಗುತ್ತದೆಯೇ ನೋಡಿ, ಫೋಟೊ ತೆಗೆದು, ಮನೆಯ ಗುರುತು, ತಾರೀಖು, ನೀರು ಬಿಟ್ಟ ಸಮಯ ಬರೆದು ವಾರ್ಡಿನ ಕಚೇರಿಗೆ ಲಿಖಿತ ದೂರು ಕೊಡಿ. "ನೀರು ಹೊಲಸ ಬರ್ತೈತಿ" ಎಂದು ಬಾಯಲ್ಲಿ ಹೇಳಿದರೆ ಎಲ್ಲಿ ಅಗೆಯಬೇಕೆಂದು ವಾಲ್ವ್‌ಮನ್‌ಗೂ ತಿಳಿಯುವುದಿಲ್ಲ. ದುರಸ್ತಿ ಆಗುವವರೆಗೆ ಇಡೀ ಓಣಿ ಮೋಟರ್ ಬಂದ್ ಇಡಬೇಕು, ಒಂದು ಮನೆಯವರು ಹಚ್ಚಿದರೂ ಗಟಾರ ಒಳಗೆ ಬರುತ್ತದೆ.