ಬೋರ್‌ವೆಲ್ ನೀರು ಹಾಕಿ ಹೂಜಿ ಗಿಡ ಕೊಲ್ಲಬೇಡಿ

ಕೋಲಾರದ ಒಂದು ಮನೆಗೆ ಬೇಸಿಗೆ ಶುರುವಿನಲ್ಲಿ ನರ್ಸರಿಯಿಂದ ನೆಪೆಂಥಿಸ್, ಅಂದರೆ ಹೂಜಿಯಂಥ ಎಲೆಯಲ್ಲಿ ಹುಳ ಹಿಡಿಯುವ ಗಿಡ, ಬಂತು. ಗಿಡದ ತುಂಬ ಹೂಜಿ. ಕೆಮ್ಮಣ್ಣಿಗೆ ಎರೆಗೊಬ್ಬರ ಬೆರೆಸಿ ನೆಡಿ, ದಿನಾ ನೀರು ಹಾಕಿ ಅಂತ ಮಾರಿದವರು ಹೇಳಿದ್ದರು, ಮನೆಯವರು ಹಾಗೇ ಮಾಡಿದರು. ಹೂಜಿಗಳು ಒಣಗಿದವು, ಎಲೆಯಂಚು ಸುಟ್ಟಂತಾಯಿತು, ಕುಂಡದ ಬಾಯಿಗೆ ಬಿಳಿ ಉಪ್ಪು ಕಟ್ಟಿತು, ಕೊನೆಗೆ ಬುಡವೇ ಕಪ್ಪಾಯಿತು. ತೇವ ಹಿಡಿದಿಡುವ ಗಾಜಿನ ಪೆಟ್ಟಿಗೆಯಲ್ಲಿ ಇಡದೆ, ಒಣಹವೆಗೆ ಹೋಯಿತು ಅಂದುಕೊಂಡರು. ಅದಲ್ಲ ಕಾರಣ. ಬೋರ್‌ವೆಲ್ ನೀರು ಮತ್ತು ಗೊಬ್ಬರ.

ಇದು ಸಾರವಿಲ್ಲದ ನೆಲದ ಗಿಡ. ಸಾರಜನಕವನ್ನು ಹುಳ ಹಿಡಿದು ಪಡೆಯುತ್ತದೆ, ಬೇರಿಗೆ ಲವಣ ತಡೆಯುವುದಿಲ್ಲ. ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ, ಪಿಪಿಎಂನಲ್ಲಿ) 50ರೊಳಗಿದ್ದರೆ ಒಳ್ಳೆಯದು, 100 ದಾಟಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲೆ. ಮಳೆನೀರು ಹಿಡಿದಿಡಿ, ಇಲ್ಲವೇ ಆರ್‌ಒ ನೀರು ಹಾಕಿ. ಆರ್‌ಒ ನೀರನ್ನೂ ಟಿಡಿಎಸ್ ಮೀಟರ್ ಅದ್ದಿ ನೋಡಿ, ಖನಿಜ ಸೇರಿಸುವ ಯಂತ್ರಗಳಲ್ಲಿ ಅಂಕಿ ಮೇಲೇರಿರುತ್ತದೆ. ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಯಂತ್ರದ ನೀರಂತೂ ಬೇಡವೇ ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ.

ನೆಡಲು ಉದ್ದೆಳೆ ಸ್ಫ್ಯಾಗ್ನಮ್ ಪಾಚಿ ಮತ್ತು ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) ಸಮಪಾಲು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವುದಾದರೆ ಆರ್‌ಒ ನೀರಲ್ಲಿ ನೆನೆಸಿ, ಹಿಂಡಿ, ಹಿಂಡಿದ ನೀರಿನ ಟಿಡಿಎಸ್ ಇಳಿಯುವ ತನಕ ಮತ್ತೆ ಮತ್ತೆ ತೊಳೆಯಿರಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಬೇರು ಕೊಳೆಯುತ್ತದೆ.

ಒಣಹವೆಯ ತೊಂದರೆಯೂ ನಿಜವೇ, ಆದರೆ ಅದರ ಗುರುತು ಬೇರೆ. ಎಲೆ ಹಸಿರಾಗೇ ಇದ್ದು, ತುದಿಯ ಬಳ್ಳಿಯಲ್ಲಿ ಹೂಜಿಯಾಗಬೇಕಾದ ಪುಟ್ಟ ಮೊಗ್ಗಿನಂಥದ್ದು ಮೂಡಿ ಅಲ್ಲೇ ಒಣಗುತ್ತದೆ. ಬೆಳಕು ಕಡಿಮೆಯಾದರೂ ಹೀಗೇ. ಪಾಲಿಹೌಸಿನಿಂದ ಬಂದ ಗಿಡದ ಹಳೇ ಹೂಜಿ ಹೇಗೂ ಒಣಗುತ್ತವೆ, ಹೊಸ ಎಲೆ ನೋಡಿ ತೀರ್ಮಾನಿಸಿ. ತೂತು ಮಾಡಿದ ಪ್ಲಾಸ್ಟಿಕ್ ಕವರ್ ಹೊದಿಸಿ, ಮೂರು ನಾಲ್ಕು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ. ಆಮೇಲೆ ಪೂರ್ವದ ಕಿಟಕಿಯ ಬೆಳಗಿನ ಬಿಸಿಲು ಸಾಕು. ‘ವೆಂಟ್ರಾಟಾ’ ಮಿಶ್ರತಳಿ ಹೀಗೆ ಹೊಂದಿಕೊಳ್ಳುತ್ತದೆ. ರಾತ್ರಿ ತಂಪು ಬೇಡುವ ಎತ್ತರ ಬೆಟ್ಟದ ಜಾತಿಗಳನ್ನು ನಮ್ಮ ಬೇಸಿಗೆಗೆ ತರಬೇಡಿ.

ಹೂಜಿಗೆ ಅನ್ನ, ಮಾಂಸ ಹಾಕುವವರಿದ್ದಾರೆ, ದಯವಿಟ್ಟು ಬೇಡ, ಕೊಳೆಯುತ್ತದೆ. ಇರುವೆಗಳನ್ನು ಅದೇ ಹಿಡಿದುಕೊಳ್ಳುತ್ತದೆ.

ಈಗಾಗಲೇ ಬೋರ್‌ವೆಲ್ ನೀರು ಹಾಕಿದ್ದೀರಾ? ಬುಡ ಗಟ್ಟಿಯಾಗಿದ್ದರೆ ಉಳಿಸಬಹುದು. ಹಳೇ ಮಣ್ಣೆಲ್ಲ ಬಿಡಿಸಿ, ಬೇರನ್ನು ಮಳೆನೀರಲ್ಲಿ ಮೆಲ್ಲಗೆ ತೊಳೆದು, ಹೊಸ ಪಾಚಿಯಲ್ಲಿ ನೆಟ್ಟು ನೆರಳಲ್ಲಿಡಿ. ಹೊಸ ಎಲೆ ಬರುವವರೆಗೆ ಗೊಬ್ಬರದ ಮಾತೇ ಬೇಡ.